ಡಬ್ಬಿಯಲ್ಲಿ ಬಂದ ಕೀ

ಬೆಳಿಗ್ಗೆ ನೀರುದೋಸೆ ಹೊಯ್ಯುತ್ತಿದ್ದೆ. ಮೂಡುಬಿದಿರೆಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ತಾಂಜಾನಿಯಾದ ವಿದ್ಯಾರ್ಥಿನಿ ಆಮಿನಾ ಬಂದು ನನ್ನ ಸ್ಟೀಲ್ ಡಬ್ಬಿ ವಾಪಸು ಕೊಟ್ಟಳು. ಪಾತ್ರೆಯನ್ನು ಖಾಲಿ ಮರಳಿಸಬಾರದೆಂದು ನಮ್ಮನ್ನು ನೋಡಿಯೇ ಕಲಿತವಳು, ಯಾವಾಗಲೂ ಒಂದೆರಡು ಬಾಳೆಹಣ್ಣು ಇಡುತ್ತಿದ್ದಳು. ಆ ದಿನ ಡಬ್ಬಿಯಲ್ಲಿ ಅವಳ ಕೋಣೆಯ ಕೀ ಇತ್ತು.

"ವೀಸಾ ಮುಗಿದಿದೆ ಆಂಟಿ. ಕಾಲೇಜಿಗೆ ಹೋಗ್ತಾ ಇದ್ದರೆ ಸಾಕು ಅಂತ ತಿಳಿದಿದ್ದೆ. ನಾನಿದ್ದರೆ ನಿಮಗೂ ತೊಂದರೆಯಂತೆ," ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು.

ಮುಂದಿನ ವಾರ ಅವಳ ಕೊನೆಯ ಪರೀಕ್ಷೆ. ಇರು ಅನ್ನಲೋ, ಹೋಗು ಅನ್ನಲೋ ತಿಳಿಯದೆ ದೋಸೆ ಬಡಿಸಿದೆ. ತಲೆ ತಗ್ಗಿಸಿ ತಿಂದಳು. ಕೀಯನ್ನು ಇಬ್ಬರೂ ಮುಟ್ಟಲಿಲ್ಲ.

ಸಂಜೆ ವಿಷಯ ಕೇಳಿದ ಪಕ್ಕದ ಮನೆಯ ಸುಮತಿಯಕ್ಕ ಒಣಗಿದ ಬಟ್ಟೆ ತೆಗೆಯುತ್ತಾ ಅಂದರು: "ಬೇಗ ಕಳಿಸಿಬಿಡಿ ಮಾರಾಯ್ರೆ. ನನ್ನ ತಮ್ಮ ವೀಸಾ ಮುಗಿದ ಮೇಲೆ ದುಬೈಯಲ್ಲಿ ಯಾರದೋ ಮನೆಯಲ್ಲಿ ಉಳಿದಿದ್ದ ನಿಜ, ಆದರೆ ಅದು ಬೇರೆ ವಿಷಯ."