ಬೇವಿನ ಮರದಿಂದ ದೂರ

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಮನಗೂಳಿಯ ನಮ್ಮ ಮನೆಗೆ ತಾಂಡಾದಿಂದ ಕಟ್ಟಿಗೆ ತರುತ್ತಿದ್ದ ಲಂಬಾಣಿ ಹೆಂಗಸು, ಎಷ್ಟು ಹೇಳಿದರೂ ಕೂರುತ್ತಿರಲಿಲ್ಲ. ಏನು ಕೇಳಿದರೂ “ಗಂಡಸರು ಹೇಳಬೇಕ್ರಿ” ಎನ್ನುತ್ತಿದ್ದಳು.

ಗಂಡ ಸತ್ತ ಮೇಲೆ ತೋಳಿನ ಬಳೆಗಳಿಲ್ಲದೆ ಬಂದಳು. ಅವಳೇ ಎತ್ತಿ ಆಡಿಸಿದ ಮೈದುನನಿಗೆ ಅವಳನ್ನು ಉಡಿಕೆ, ಅಂದರೆ ಮರುಮದುವೆ, ಮಾಡಿಕೊಡುವ ಬಗ್ಗೆ ಬೇವಿನ ಮರದಡಿ ಪಂಚಾಯ್ತಿ ಕೂತಿತ್ತಂತೆ.

“ಏನ್ ಠರಾವಾತು?” ಎಂದು ಅವ್ವ ಕೇಳಿದಳು.

“ಗೊತ್ತಿಲ್ರಿ ಅವ್ವಾರ. ಹೆಂಗಸರು ಅಲ್ಲಿಗೆ ಹೋಗಂಗಿಲ್ಲ. ದೂರ ನಿಂತಿದ್ದೆ, ಕೇಳಸಲಿಲ್ಲ.”

ಅವ್ವ ಸಮಾಧಾನಕ್ಕೆಂದು, “ನಮ್ಮದೂ ಅಷ್ಟ. ಮಗಳ ಲಗ್ನದ ಮಾತು ಈ ಕದದ ಹಿಂದ ನಿಂತು ಕೇಳೇನಿ” ಎಂದಳು.

ಅವಳು ತಲೆಯ ಸಿಂಬಿ ಎತ್ತಿಕೊಂಡು, ಆ ಕದವನ್ನೊಮ್ಮೆ ನೋಡಿ ಹೇಳಿದಳು:

“ನಿಮಗ ಕೇಳಸತೈತಲ್ರಿ.”