ಎಡಗಣ್ಣಿನ ಅಳು

ನಿನ್ನ ಗಂಡನಿಗೆ ಅಳುವುದನ್ನು ಕಲಿಸಿದವಳು ನಾನು, ಅನಿತ. ಅವನು ಎಂಥವನೆಂದು ನಿಮ್ಮ ಮದುವೆಗೆ ಮೊದಲೇ ಗೊತ್ತಿದ್ದೂ ಮುಚ್ಚಿಟ್ಟವಳು ನಾನೇ. ಇದನ್ನು ಹೇಳಲು ಇಷ್ಟು ವರ್ಷ — ಇರಲಿ, ವರ್ಷದ ಮಾತು ಬೇಡ. ನಾಡಿದ್ದು ನೀನು ಮಗಳನ್ನು ಕರೆದುಕೊಂಡು ಮತ್ತೆ ಅವನ ಮನೆಗೆ ಹೊರಟಿದ್ದೀಯ. ಅಷ್ಟರೊಳಗೆ ಇದು ನಿನ್ನ ಕಿವಿಗೆ ಬೀಳಬೇಕು.

ಲೋಕೇಶ ನನಗೆ ತಮ್ಮ ಅನ್ನುವುದಕ್ಕಿಂತ ಮಗ. ಅವ್ವ ತೀರಿಹೋದಾಗ ಅವನಿನ್ನೂ ಚಿಕ್ಕವನು. ಪುರವರದ ನಮ್ಮ ಮನೆ ಮುಂದೆ ಹೆಣ ಇಟ್ಟುಕೊಂಡು ಎಲ್ಲರೂ ಗೋಳಾಡುತ್ತಿದ್ದರೆ, ಇವನು ಒಬ್ಬೊಬ್ಬರ ಮುಂದೆಯೂ ನಿಂತು ಬಾಯಿ ಹೇಗೆ ಸೊಟ್ಟಗಾಗುತ್ತದೆ ಎಂದು ನೋಡುತ್ತಿದ್ದ. "ಈ ಹೈದನಿಗೆ ಕರುಳೇ ಇಲ್ವಲ್ಲ ಕಣಮ್ಮ" ಅಂದರು ಜನ. ನನಗೆ ಅವ್ವನ ಸಾವಿಗಿಂತ ಆ ಮಾತು ಚುಚ್ಚಿತು.

ಆಮೇಲೊಂದು ದಿನ ಪಕ್ಕದ ಮನೆಯ ಹುಡುಗಿಯನ್ನು ಬಾವಿಯ ಅಂಚಿನಲ್ಲಿ ಬಗ್ಗಿಸಿ ಹಿಡಿದಿದ್ದ. ನಾನು ಓಡಿಹೋಗಿ ಬಿಡಿಸಿದೆ. ಅವಳು ಗಡಗಡ ನಡುಗುತ್ತಿದ್ದಳು. ಇವನು ನಿಜವಾಗಿಯೂ ತಿಳಿಯದೆ ಕೇಳಿದ: "ಯಾಕಕ್ಕ ಅವ್ಳು ಅಂಗೆ ಕಣ್ ಬುಟ್ಲು? ಆಶ್ಚರ್ಯ ಆಯ್ತಾ?"

ಅಪ್ಪ ಹುಣಸೆ ಬರಲಿನಲ್ಲಿ ಚರ್ಮ ಸುಲಿಯುವಂತೆ ಹೊಡೆದ. ಮಾರನೇ ದಿನ ಇವನು ಮತ್ತೆ ಆ ಬಾವಿಯ ಹತ್ತಿರವೇ ಇದ್ದ. ತುಮಕೂರಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. "ಬೇರೆಯವರ ಹೆದರಿಕೆ ಇವನಿಗೆ ನಮ್ಮ ಹಾಗೆ ಗೊತ್ತಾಗಲ್ಲಮ್ಮ. ಹೊಡೆದರೆ ಬೈದರೆ ಪಾಠ ಹತ್ತಲ್ಲ. ಏನಾದರೂ ಸಿಗುತ್ತೆ ಅಂದ್ರೆ ಬೇಗ ಕಲೀತಾನೆ. ಬಿಡದೆ ಕರೆದುಕೊಂಡು ಬರ್ತಿರಿ" ಅಂದರು. ಎಷ್ಟೋ ವರ್ಷ ನಾವು ಮತ್ತೆ ಹೋಗಲಿಲ್ಲ. ಏನಾದರೂ ಸಿಕ್ಕರೆ ಕಲಿಯುತ್ತಾನೆ ಅನ್ನುವುದೊಂದನ್ನೇ ನಾನು ಗಂಟುಹಾಕಿಕೊಂಡು ಬಂದೆ.

ಮನೆಯಲ್ಲಿ ಕಡಲೆಕಾಯಿಗೆ ಬರವಿರಲಿಲ್ಲ. ಬೆಲ್ಲ ಕಾಯಿಸಿ ಕಡ್ಲೆಮಿಠಾಯಿ ಮಾಡಿಟ್ಟುಕೊಂಡು ಕನ್ನಡಿ ಮುಂದೆ ಅವನನ್ನು ಕೂರಿಸುತ್ತಿದ್ದೆ. ನಾನು ಮುಖ ಮಾಡಿ ತೋರಿಸುವುದು, ಅವನು ಹೆಸರು ಹೇಳುವುದು, ಆಮೇಲೆ ತಾನೂ ಹಾಗೇ ಮಾಡುವುದು. ಸರಿಯಾದರೆ ಒಂದು ಚೂರು ಮಿಠಾಯಿ. ಅಳುವವರನ್ನು ಕಂಡರೆ "ಅಯ್ಯೋ ಪಾಪ" ಅನ್ನಬೇಕು ಅಂತಲೂ ಕಲಿಸಿದೆ. ಆದರೆ ಹೆದರಿದ ಮುಖ ಮಾತ್ರ ಅವನಿಗೆ ಹತ್ತುತ್ತಲೇ ಇರಲಿಲ್ಲ. ಹಟ ಹಿಡಿದು ಕಲಿಸಿದೆ — ಕಣ್ಣು ಹಿಂಗೆ ಅಗಲವಾದರೆ, ತುಟಿ ಹಿಂಗೆ ಬಿಗಿದರೆ, ಅದು ಹೆದರಿಕೆ, ನೀನು ಹಿಂದಕ್ಕೆ ಸರೀಬೇಕು. ಸರಿದ. ಮಿಠಾಯಿ ತಿಂದ.

ಒಂದು ಸಂಜೆ ಶಾಲೆಯಿಂದ ಯಾರದೋ ಹೊಸ ಪೆನ್ನು ತಂದ. ಎಲ್ಲಿಂದ ಬಂತೋ ಅಂದೆ. ಖುಷಿಯಾಗಿ ಹೇಳಿದ: "ಅವ್ನು ಅಂಗೆ ಮಕ ಮಾಡ್ದಾಗ ಹಿಂದಕ್ ಸರಿಬಾರ್ದು ಕಣಕ್ಕ. ಇನ್ನೊಸಿ ಮುಂದಕ್ ಹೋದ್ರೆ ಅವ್ನೇ ಕೊಟ್ಬುಡ್ತಾನೆ."

ಅಯ್ಯೋ, ನಾನು ಏನು ಕಲಿಸಿಬಿಟ್ಟೆ! ಕಾಣದ ಹೆದರಿಕೆಯನ್ನು ನಾನೇ ಕಾಣಿಸಿಕೊಟ್ಟೆ. ಅದರಿಂದ ಏನು ಸಿಗುತ್ತದೆ ಅಂತ ಅವನೇ ಕಂಡುಕೊಂಡ.

ಅವನು ದೊಡ್ಡವನಾದ ಮೇಲೆ ಮತ್ತೊಮ್ಮೆ ಕರೆದುಕೊಂಡು ಹೋದಾಗ ಅದೇ ಡಾಕ್ಟರು ಅವನ ಈ ಗುಣಕ್ಕೆ ಸೈಕೋಪತಿ ಅನ್ನುವ ಹೆಸರು ಹೇಳಿದರು. ಹೆಣ್ಣಿನ ಕಡೆಯವರಿಗೆ ತಿಳಿಸದೆ ಮದುವೆ ಮಾಡಬೇಡಿ ಅಂದರು. ಹೂಂ ಅಂದು ಎದ್ದುಬಂದೆ. ಎದ್ದುಬಂದವಳು —

ಪಾವಗಡದಾಚೆ ನಿಮ್ಮೂರು ತಿರುಮಣಿಗೆ ನಿನ್ನನ್ನು ನೋಡಲು ಬಂದ ದಿನ ನಿನಗೆ ನೆನಪಿರಬೇಕು. ತೀರಿಹೋದ ನಿಮ್ಮಪ್ಪನ ಮಾತು ತೆಗೆದು ನಿಮ್ಮಮ್ಮ ಕಣ್ಣೊರೆಸಿಕೊಂಡರು. ಲೋಕೇಶ "ಅಯ್ಯೋ ಪಾಪ" ಅಂದ. ಅವನ ಕಣ್ಣೂ ತುಂಬಿತು. "ಅಬ್ಬಾಯಿ ಮನಸು ಬಂಗಾರಮಮ್ಮಾ" ಅಂದರು ನಿಮ್ಮಮ್ಮ ತೆಲುಗಿನಲ್ಲಿ, ಹುಡುಗನ ಮನಸ್ಸು ಚಿನ್ನ ಅಂತ. ಆಗ ಅವನು ತಟ್ಟನೆ ನನ್ನ ಕಡೆ ತಿರುಗಿ ನೋಡಿದ. ಚಿಕ್ಕವನಿದ್ದಾಗ ಮಿಠಾಯಿಗೆ ನೋಡುತ್ತಿದ್ದನಲ್ಲ, ಹಾಗೇ. ಅಲ್ಲೇ ಎದ್ದು ಹೇಳಬೇಕಿತ್ತು. ನಾನು ಸರಿಯಾಗಿದೆ ಎಂಬಂತೆ ತಲೆಯಾಡಿಸಿದೆ.

ಆಮೇಲೆ ನೀನು ನನ್ನ ಹತ್ತಿರ ಎಷ್ಟು ಸಲ ಬಂದೆ! ಬೈಕಿನ ಕನ್ನಡಿಯನ್ನು ನಿನ್ನ ಮುಖ ಕಾಣುವಂತೆ ತಿರುಗಿಸಿಕೊಂಡು, ನೀನು ಬೇಡ ಬೇಡ ಅಂದಷ್ಟೂ ಜೋರಾಗಿ ಓಡಿಸುತ್ತಾನೆ ಅಂದೆ. ಕನ್ನಡಿಯಲ್ಲಿ ಅವನು ಏನು ನೋಡುತ್ತಿದ್ದ ಎಂದು ನನಗೆ ಗೊತ್ತಾಯಿತು. ಆದರೂ "ಗಂಡಸ್ರು ಅಂಗೇ ಕಣಮ್ಮ, ಹೊಂದ್ಕೊಂಡು ಹೋಗು" ಅಂದೆ. ಮಗುವನ್ನು ಮಹಡಿಯ ಕಟ್ಟೆಯ ಮೇಲೆ ನಿಲ್ಲಿಸಿ ನಿನ್ನ ಮುಖ ನೋಡುತ್ತಾ ನಿಂತನಲ್ಲ, ಅವತ್ತು ನೀನು ತವರಿಗೆ ಹೊರಟುಹೋದೆ. ಒಳ್ಳೆಯದಾಯಿತು ಅಂತ ಒಳಗೊಳಗೇ ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ.

ನಿನ್ನೆ ಫೋನಿನಲ್ಲಿ ನಿನ್ನ ದನಿ ಎಷ್ಟು ಹಗುರವಾಗಿತ್ತು! "ಇವ್ರು ಕರ್ಕೊಂಡ್ ಹೋಗಕ್ಕೆ ಬಂದು ಬಾಗ್ಲಲ್ಲೇ ಕೂತ್ಕೊಂಡು ಅತ್ತುಬಿಟ್ರು ಅಕ್ಕಾ. ಈ ಸಲ ನಿಜವಾಗ್ಲೂ ಅತ್ರು. ಥೇಟ್ ನಿಮ್ ಥರಾನೇ, ಎಡಗಣ್ಣು ಅರ್ಧ ಮುಚ್ಕೊಂಡು. ಅಕ್ಕ ತಮ್ಮ ಒಂದೇ ಅಚ್ಚು ನೋಡಿ" ಅಂದು ನಕ್ಕೆ. ಸರಿ ಕಣಮ್ಮ ಅಂದು ಇಟ್ಟುಬಿಟ್ಟೆ.

ಅನಿತ, ಚಿಕ್ಕಂದಿನಲ್ಲಿ ಕೊಯ್ದ ಹೊಲದ ರಾಗಿ ಕೂಳೆ ಚುಚ್ಚಿ ನನ್ನ ಎಡಗಣ್ಣಿನ ರೆಪ್ಪೆ ಕೆಟ್ಟಿತು. ಅಳುವಾಗ ಅದು ತಾನಾಗಿಯೇ ಅರ್ಧ ಇಳಿಯುತ್ತದೆ. ಕನ್ನಡಿ ಮುಂದೆ ಅವನಿಗೆ ಅಳು ತೋರಿಸಿದ್ದು ಆ ಕಣ್ಣಿನಲ್ಲೇ. ಅವನು ನನ್ನ ಊನವನ್ನೂ ಸೇರಿಸಿ ಕಲಿತ. ಅಲ್ಲಿ ನಿಮ್ಮ ಬಾಗಿಲಲ್ಲಿ ನೀನು ನೋಡಿದ್ದು ನನ್ನ ಮುಖ. ಅವನದಲ್ಲ.

ಈಗ ಮಧುಗಿರಿಯಲ್ಲಿ ಪಾವಗಡದ ಬಸ್ಸಿಗೆ ಕಾಯುತ್ತಾ ಕೂತಿದ್ದೇನೆ. ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಇದನ್ನೆಲ್ಲ ಮನಸ್ಸಿನಲ್ಲೇ ನಿನಗೆ ಹೇಳಿಕೊಳ್ಳುತ್ತಿದ್ದೇನೆ. ಬಸ್ಸು ಇನ್ನೂ ಬಂದಿಲ್ಲ. ಬಂದು ನಿಮ್ಮಮ್ಮನ ಎದುರಿಗೇ ಎಲ್ಲ ಹೇಳುತ್ತೇನೆ. ಬಯ್ಯಿ, ಮನೆಯೊಳಗೆ ಸೇರಿಸಬೇಡ, ನಾನು ಹೊರಗೇ ನಿಂತು ಹೇಳುತ್ತೇನೆ. ಹೇಳುವಾಗ ನನಗೆ ಅಳು ಬರುತ್ತದೆ, ತಡೆಯಲಾರೆ. ಆ ಅಳುವನ್ನು ನೀನು ನಂಬಬೇಕಾಗಿಲ್ಲ. ಇದೊಂದನ್ನು ಮಾತ್ರ ನೋಡಿಕೋ, ಮಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ನೋಡಿಕೋ — ನನ್ನ ಕಣ್ಣಿಗೆ ಊನವಿದೆ. ಲೋಕೇಶನ ಎರಡು ಕಣ್ಣೂ ನೆಟ್ಟಗಿವೆ.