ಹುಣಸೆಹಣ್ಣಿಗೆ ಬಗ್ಗದ ಹಳದಿ

ಹುಣಸೂರಿನ ಆರ್‌ಟಿಒ ಆಫೀಸಿನ ಅಂಗಳದಲ್ಲಿ ಇನ್‌ಸ್ಪೆಕ್ಟರು ನನ್ನ ಕಾರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಹಳದಿಗಟ್ಟಿದ್ದ ಎರಡೂ ಹೆಡ್‌ಲೈಟುಗಳನ್ನು ಬೆರಳಿನಿಂದ ತಟ್ಟಿದರು. "ಏನಮ್ಮಾ, ಗಾಡಿಗೆ ಕಾಮಾಲೆನಾ?" ಅಂದರು. ಕಾರಿಗೆ ಹದಿನೈದು ವರ್ಷ ತುಂಬಿತ್ತು. ಇನ್ನೈದು ವರ್ಷ ಓಡಿಸಬೇಕಾದರೆ ಅಲ್ಲಿ ತೋರಿಸಿ ಪಾಸು ಮಾಡಿಸಿಕೊಳ್ಳಬೇಕು. ಬ್ರೇಕು ಸರಿ, ಹಾರನ್ನು ಸರಿ, ಹೊಗೆಯೂ ಸರಿ. ದೀಪ ಮಾತ್ರ ಫೇಲು. "ಬೆಳಕೇ ಮುಂದಕ್ಕೆ ಹೋಗ್ತಿಲ್ಲ. ಸರಿ ಮಾಡಿಸ್ಕೊಂಡು ಶುಕ್ರವಾರ ಬನ್ನಿ" ಎಂದು ಕಾಗದ ವಾಪಸು ಕೊಟ್ಟರು.

ಜೊತೆಗೆ ಬಂದಿದ್ದ ನನ್ನ ಗಂಡನ ಮುಖ ನೋಡಬೇಕಿತ್ತು. ಫೇಲಾದದ್ದು ಕಾರಲ್ಲ, ನಾನೇ ಅನ್ನುವ ಹಾಗೆ ಒಳಗೊಳಗೇ ನಗುತ್ತಿದ್ದರು.

"ನಾನೇಳಿರ್ನಿಲ್ವಾ? ಗುಜರಿಗೆ ಆಕು ಬುಡು ಅತ್ಲಾಗಿ. ಕೋಟೆ ಪ್ಯಾಟೇಲಿ ಒಬ್ಬನ್ತಾವ ಮಾತಾಡಿವ್ನಿ."

"ಶುಕ್ರವಾರ ಪಾಸಾಗ್ನಿಲ್ಲ ಅಂದ್ರೆ ಶನಿವಾರ ಕರುಸ್ರಿ. ಅಲ್ಲೀಗಂಟ ಬಾಯ್ ಮುಚ್ಕಂಡಿರಿ" ಅಂದೆ. ಹೀಗೆ, ನನ್ನ ಬಾಯಿಂದಲೇ ಗಡುವು ಹಾಕಿಕೊಂಡೆ.

ಆ ಕಾರು ನನ್ನಪ್ಪನದು. ಅಪ್ಪ ಕಣ್ಣು ಮಂಜಾಗಿ ಓಡಿಸುವುದನ್ನು ಬಿಟ್ಟಾಗ ಕೀಲಿಯನ್ನು ನನ್ನ ಕೈಗಿಟ್ಟು, ಕಾಗದಪತ್ರವನ್ನೂ ನನ್ನ ಹೆಸರಿಗೇ ಮಾಡಿಸಿದ್ದರು. ನಮ್ಮ ಮನೆ ಅಂತರಸಂತೆಯ ಹತ್ತಿರ, ಕಾಡಿನ ಅಂಚಿನಲ್ಲಿ. ನಾನು ಬ್ಲೌಸು ಹೊಲಿಯುತ್ತೇನೆ. ಸುತ್ತಲಿನ ಊರುಗಳಿಗೆ ಹೋಗಿ ಅಳತೆ ತಂದು, ಹೊಲಿದದ್ದನ್ನು ತಲುಪಿಸುವುದು ಆ ಕಾರಿನಲ್ಲೇ. ಕಾಡಿನವರ ಹಾಡಿಯ ಮಕ್ಕಳು ಕೂಡ ಅದನ್ನು "ಬ್ಲೌಸ್ ಗಾಡಿ" ಅನ್ನುತ್ತಾರೆ. ಅದು ಹೋದರೆ ನಾನು ನಡುಮನೆಯ ಮಿಷನ್ನಿನ ಮುಂದೆ ಕೂತು, ಯಾರಾದರೂ ಬಂದಾರೇ ಅಂತ ಬಾಗಿಲು ನೋಡಬೇಕು. ನನ್ನ ಗಂಡನಿಗೆ ಬೇಕಾಗಿದ್ದದ್ದೂ ಅದೇ. ಕೆಟ್ಟವರಲ್ಲ, ಆದರೆ ಹೆಂಡತಿ ಎಲ್ಲಿದ್ದಾಳೆ ಅಂತ ಊರವರು ಕೇಳಿದಾಗ ಗೊತ್ತಿಲ್ಲ ಅನ್ನಲು ಅವರಿಗೆ ನಾಚಿಕೆ. "ಆರ್ ಗಂಟೆಗೆ ಕಾಡಿನ ಗೇಟೇ ಮುಚ್ತಾರೆ, ಕತ್ಲಾದ್ಮೇಲೆ ನಿಂಗ್ಯಾಕೆ ಲೈಟು?" ಅಂತ ಬೇರೆ ಕೇಳಿದರು. ಸಿಟ್ಟು ನೆತ್ತಿಗೇರಿತು.

ಹಳೇ ಮಾಡೆಲ್ಲು, ಹೊಸ ಲೈಟು ಮೈಸೂರಿನಿಂದ ಬರಲು ಹದಿನೈದು ದಿನ ಬೇಕು ಅಂದರು ಗ್ಯಾರೇಜಿನವರು. ನನಗಿದ್ದದ್ದು ನಾಲ್ಕು ದಿನ. ಮನೆಗೆ ಬಂದು "ದೀಪ ಮಂಕಾಗ್ಬುಟ್ಟದೆ ಅತ್ತೆ" ಅಂದೆ. ಅತ್ತೆಗೆ ದೀಪ ಅಂದರೆ ದೇವರ ಮುಂದಿನದೇ. "ಅದ್ಕೇನವ್ವ, ಉಣ್ಸೆಹಣ್ಣು ನೆನಾಕಿ ಬೂದಿ ಸೇರ್ಸಿ ತಿಕ್ಕು. ಫಳಫಳ ಅಂತದೆ" ಅಂದರು. ನನ್ನ ಬುದ್ಧಿಗೆ ಏನು ಮಂಕು ಕವಿದಿತ್ತೋ, ನಾನೂ ಹಾಗೇ ಮಾಡಿದೆ. ವರ್ಷಗಟ್ಟಲೆ ಹಿತ್ತಾಳೆ ದೀಪ ತಿಕ್ಕಿದ ಕೈ, ಬಾಯಿ ದೀಪ ಅಂದ ಕೂಡಲೇ ತಲೆ ಸುಮ್ಮನೆ ಆ ಕೈಯ ಹಿಂದೆ ನಡೆಯಿತು. ತೆಂಗಿನ ನಾರು ಹಿಡಿದು ಅರ್ಧ ಗಂಟೆ ಉಜ್ಜಿದೆ. ತೊಳೆದು ನೋಡಿದರೆ ಹಳದಿ ಹಳದಿಯಾಗಿಯೇ ಇತ್ತು, ಮೇಲೆ ಬೆಕ್ಕು ಪರಚಿದಂಥ ಗೀರುಗಳು ಬೇರೆ. ಹಿತ್ತಾಳೆಯ ಮದ್ದು ಪ್ಲಾಸ್ಟಿಕ್ಕಿಗೆ ಹತ್ತುತ್ತದೆಯೇ?

ಗಂಡ ಬಂದು ನೋಡಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಒಗ್ಗರಣೆ ಒಂದು ಬಾಕಿ ಕಣೆ, ಅದ್ನೂ ಆಕ್ಬುಡು!" ಅತ್ತೆಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಒಬ್ಬಳೇ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಅದೇ ಕಾರು ಹತ್ತಿ ಕೋಟೆ ಪೇಟೆಗೆ ಹೊರಟೆ.

ಬಣ್ಣದಂಗಡಿಯವರು ಗೀರು ನೋಡಿ ನಗಲಿಲ್ಲ, ಅದೇ ದೊಡ್ಡದು. "ಹಳದಿ ಮೇಲಿನ ಪದರದಲ್ಲಿ ಮಾತ್ರ ಇರೋದು ಕಣಮ್ಮ, ಬಿಸಿಲಿಗೆ ಸುಟ್ಟಿರೋದು. ಅದನ್ನ ಎಬ್ಬಿಸ್ಬೇಕು" ಎಂದು ನೀರಲ್ಲಿ ನೆನೆಸಿ ಉಜ್ಜುವ ನಾಲ್ಕು ಬಗೆಯ ವಾಟರ್ ಪೇಪರು, ಪಾಲಿಶು, ಬಿಸಿಲು ತಡೆಯುವ ಒಂದು ಸ್ಪ್ರೇ ಡಬ್ಬಿ ಕೊಟ್ಟರು. ಒರಟಿನಿಂದ ನಯಕ್ಕೆ ಬರಬೇಕು, ಒಣಗಲು ಬಿಡಬಾರದು. ಇಷ್ಟೇ ಪಾಠ.

ನನಗೆ ಇಷ್ಟು ಸಾಕಾಗಿತ್ತು. ನಾನು ಹುಟ್ಟಿದ್ದು ಪಿರಿಯಾಪಟ್ಟಣದ ಕಡೆ, ಹೊಗೆಸೊಪ್ಪಿನ ಊರಿನಲ್ಲಿ. ಬಿಸಿಗಾಳಿಯ ಗೂಡಿನಲ್ಲಿ ಬೇಯಿಸಿದ ಸೊಪ್ಪನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿ ಬೇರೆ ಬೇರೆ ಮಾಡುತ್ತಾ ಬೆಳೆದವಳು. ಯಾವ ಹಳದಿ ನಿಂಬೆ, ಯಾವುದು ಕಿತ್ತಳೆ, ಯಾವುದು ಕಂದಿಗೆ ತಿರುಗಿದೆ ಅಂತ ನನ್ನ ಕಣ್ಣಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಣಗಿದ ಎಲೆ ಮುಟ್ಟಿದರೆ ಪುಡಿಯಾಗುತ್ತದೆ, ತೇವ ಹಿಡಿದು ಹದಕ್ಕೆ ಬಂದ ಮೇಲೇ ಕೈ ಹಾಕಬೇಕು ಅಂತ ಅವ್ವ ಬೆನ್ನಿಗೆ ಗುದ್ದಿ ಕಲಿಸಿದ್ದಳು.

ಮಾರನೆಯ ಬೆಳಿಗ್ಗೆ ಲೈಟಿನ ಸುತ್ತ ಟೇಪು ಅಂಟಿಸಿ, ಬಕೆಟ್ಟು ಪಕ್ಕಕ್ಕಿಟ್ಟುಕೊಂಡು ಕೂತೆ. ಒರಟು ಪೇಪರು ಉಜ್ಜಿದಾಗ ಇಳಿದ ನೀರು ಅರಿಶಿನದ ನೀರಿನಂತೆ ಇತ್ತು. ಆ ನೀರು ಬೆಳ್ಳಗಾಗುವ ತನಕ ಪೇಪರು ಬದಲಿಸಲಿಲ್ಲ. ಒಂದು ಸಲ ಅಡ್ಡ, ಮುಂದಿನದು ಉದ್ದ. ನನ್ನ ಹುಣಸೆಹಣ್ಣಿನ ಗೀರುಗಳೇ ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದವು. ಮಧ್ಯಾಹ್ನದ ಹೊತ್ತಿಗೆ ಎರಡೂ ಲೈಟು ಮಜ್ಜಿಗೆ ಬಳಿದಂತೆ ಬೆಳ್ಳಗೆ, ಏನೂ ಕಾಣದ ಹಾಗೆ ಆದವು. ಹೊಲದಿಂದ ಬಂದ ಗಂಡ ನಿಂತು ನೋಡಿದರು.

"ಕಾಮಾಲೆ ಓಯ್ತು, ಈಗ ಪೊರೆ ಬಂತು. ಆ ಗುಜರಿಯವ್ನೂ ಬ್ಯಾಡ ಅಂತಾನೆ ಈಗ."

ಕೆಡಿಸಿಬಿಟ್ಟೆನಾ ಅಂತ ನನಗೂ ಅನ್ನಿಸಿತ್ತು. ಅದನ್ನು ಅವರಿಗೆ ತೋರಿಸುವಷ್ಟು ದಡ್ಡಿಯಲ್ಲ ನಾನು. "ಊಟ ಬಡ್ಸಿಟ್ಟಿವ್ನಿ, ಒಳಕ್ಕೋಗ್ರಿ" ಅಂದೆ. ಪಾಲಿಶು ಹಚ್ಚಿ ಹಳೇ ಪಂಚೆಯ ಚೂರಿನಲ್ಲಿ ತಿಕ್ಕಿದೆ. ಭುಜ ಸೋತಿತು, ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಮೂಲೆಯಲ್ಲಿ ಒಳಗಿನ ಬಲ್ಬು ಕಂಡಿತು. ಆಮೇಲೆ ಅದರ ಹಿಂದಿನ ಕನ್ನಡಿ. ಕೂಗಬೇಕು ಅನ್ನಿಸಿತು, ಕೂಗಿಯೇಬಿಟ್ಟೆ. ಅತ್ತೆ ಓಡಿ ಬಂದು, ಬಗ್ಗಿ ನೋಡಿ, "ಅಯ್ ನನ್ ಮಗ್ಳೇ" ಅಂದರು. ಗುರುವಾರ ಗಾಳಿ, ಧೂಳು ಇಲ್ಲದ ಹೊತ್ತು ನೋಡಿ ಕೊಟ್ಟಿಗೆಯಲ್ಲಿ ಸ್ಪ್ರೇ ಹೊಡೆದು ಒಣಗಲು ಬಿಟ್ಟೆ.

ಶುಕ್ರವಾರ ಅದೇ ಇನ್‌ಸ್ಪೆಕ್ಟರು ಲೈಟು ಹಾಕಿಸಿ, ಗೋಡೆಯ ಮೇಲೆ ಬಿದ್ದ ಬೆಳಕು ನೋಡಿದರು. ಆಮೇಲೆ ನನ್ನನ್ನು ಬಿಟ್ಟು ನನ್ನ ಗಂಡನ ಕಡೆ ತಿರುಗಿದರು.

"ಹೊಸ ಸೆಟ್ ಹಾಕಿಸಿದ್ರಾ ಯಜಮಾನ್ರೇ?"

"ಊಂ ಸಾರ್. ಮೈಸೂರಿಂದ ತರ್ಸ್ದೆ" ಅಂದುಬಿಟ್ಟರು ನನ್ನ ಗಂಡ!

ಸುಮ್ಮನಿದ್ದಿದ್ದರೆ ಅಲ್ಲಿಗೆ ಕೆಲಸ ಮುಗಿಯುತ್ತಿತ್ತು. ಮನೆಯಲ್ಲಿ ಉಜ್ಜಿದ್ದು ನಡೆಯುವುದಿಲ್ಲ ಅಂತ ಅವರು ತಕರಾರು ತೆಗೆದರೆ ಶನಿವಾರ ಕಾರು ಕೈಬಿಟ್ಟು ಹೋಗುತ್ತಿತ್ತು, ಅದೂ ಗೊತ್ತಿತ್ತು. ಆದರೂ ನಾಲಿಗೆ ಕೇಳಲಿಲ್ಲ.

"ಇಲ್ಲ ಸಾರ್. ಹಳೇವೇ. ನಾನೇ ಮನೇಲಿ ಉಜ್ಜಿದ್ದು."

ಇನ್‌ಸ್ಪೆಕ್ಟರು ನನ್ನ ಕೈ ನೋಡಿದರು. ಉಗುರಿನ ಬುಡ ಇನ್ನೂ ಸುಲಿದಿತ್ತು. "ಬೆಳಕು ಬಂದ್ರೆ ಆಯ್ತಲ್ಲಮ್ಮ" ಎಂದು ಸಹಿ ಹಾಕಿದರು.

ಹುಣಸೂರು ದಾಟಿದೆವು. ನನ್ನ ಗಂಡ ಗೊಣಗಿದರು: "ಅಷ್ಟ್ ಜನ್ರ ಮುಂದೆ ನನ್ ಮರ್ಯಾದಿ ತಗುದ್ಬುಟ್ಟೆ. ಈ ಗುಜರಿ ಗಾಡಿಗೋಸ್ಕರ..."

ಇಂಡಿಕೇಟರು ಹಾಕಿ ಕಾರನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿದೆ. "ಇನ್ನೈದ್ ವರ್ಸ ಇದು ನಂದು. ಗುಜರಿ ಅನ್ನೋರು ಇಲ್ಲೇ ಇಳೀರಿ. ಇಂದ್ಗಡೆ ಬಸ್ ಬತ್ತದೆ."

ಅವರು ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿದರು. ಬಸ್ಸು ಬರುತ್ತಲೇ ಇತ್ತು. ಅವರು ಇಳಿಯಲಿಲ್ಲ.